ಶೇರಿಂಗ್: ನೀಡ್ಸ್ ಇಂಪ್ರೂವ್‌ಮೆಂಟ್

ಮಗಳಿಗೆ ಎರಡು ವರ್ಷ ಎಂಟು ತಿಂಗಳಾದಾಗ ಅವಳ ಮೊದಲ ರಿಪೋರ್ಟ್ ಕಾರ್ಡ್ ಮನೆಗೆ ಬಂತು. ಪ್ಲೇಸ್ಕೂಲಿಂದ. ಬಣ್ಣ ಗುರುತಿಸೋದು ಗುಡ್, ತಿಂಡಿ ತಿನ್ನೋದು ವೆರಿ ಗುಡ್ (ಇದು ನಮ್ಮನೆ ಕಡೆಯ ಗುಣ), ಶೇರಿಂಗ್ ಅಂಡ್ ಕೋಆಪರೇಷನ್ ಮಾತ್ರ ‘ನೀಡ್ಸ್ ಇಂಪ್ರೂವ್‌ಮೆಂಟ್’. ಹತ್ತು ವರ್ಷದಿಂದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಪ್ರೈಸಲ್ ತಿಂದು ಬದುಕಿದವನು ನಾನು. ಆ ಪದ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಊರಿಂದ ಬಂದಿದ್ದ ಅವ್ವನಿಗೆ ಓದಿ ಹೇಳಿದೆ. ಅವ್ವ ರಾಗಿಹಿಟ್ಟು ಜರಡಿ ಹಿಡಿಯೋದನ್ನ ನಿಲ್ಲಿಸದೆ, ‘ಉಚ್ಚೆ ಬಂತು ಅಂತ ಹೇಳಕ್ಕೇ ಇನ್ನೂ ಸರಿಯಾಗಿ ಬರಲ್ಲ, ಅದಕ್ಕೂ ಮಾರ್ಕ್ಸ್ ಕೊಡ್ತಾರಾ?’ ಅಂದಳು.

ಅವ್ವ ಅಷ್ಟಕ್ಕೇ ಬಿಟ್ಟಳು, ನಾನು ಬಿಡಲಿಲ್ಲ. ಏನಾದರೂ ಕೆಟ್ಟರೆ ಮೊದಲು ಡಾಕ್ಯುಮೆಂಟೇಷನ್ ಓದಬೇಕು ಅನ್ನೋದು ನಮ್ಮ ಕಸುಬಿನ ಚಟ. ಹಾಗೆ ಹುಡುಕುವಾಗ ಸಿಕ್ಕಿದ್ದು ಮೈಕೆಲ್ ಟೊಮಾಸೆಲೊ ಬರೆದ ‘ವೈ ವಿ ಕೋಆಪರೇಟ್’. 2009ರಲ್ಲಿ ಎಂಐಟಿ ಪ್ರೆಸ್ ಪ್ರಕಟಿಸಿದ ಸಣ್ಣ ಪುಸ್ತಕ, ಎರಡು ಮೆಟ್ರೋ ಪ್ರಯಾಣಕ್ಕೆ ಮುಗಿಯುತ್ತೆ. ಬರೆಯುವಾಗ ಟೊಮಾಸೆಲೊ ಜರ್ಮನಿಯ ಲೈಪ್ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದರು. ಒಂದು ಕಡೆ ಮಕ್ಕಳು, ಇನ್ನೊಂದು ಕಡೆ ಚಿಂಪಾಂಜಿಗಳು, ಇಬ್ಬರಿಗೂ ಒಂದೇ ಪರೀಕ್ಷೆ. ಅದು ಅವರ ಲ್ಯಾಬಿನ ಕೆಲಸ. 2008ರಲ್ಲಿ ಸ್ಟಾನ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳೇ ಈ ಪುಸ್ತಕ. ಹಿಂದಿನ ಅರ್ಧದಲ್ಲಿ ನಾಲ್ಕು ಜನ ಬೇರೆ ವಿದ್ವಾಂಸರು ಇವರ ವಾದವನ್ನ ಹಿಡಿದು ಜಗ್ಗಾಡಿದ್ದಾರೆ. ತನ್ನ ಪುಸ್ತಕದೊಳಗೇ ತನ್ನ ವಿರೋಧಿಗಳಿಗೆ ಚಾಪೆ ಹಾಸಿಕೊಟ್ಟ ಲೇಖಕನ ಮೇಲೆ ನನಗೆ ಮೊದಲೇ ಒಂದು ಪ್ರೀತಿ ಬಂದುಬಿಟ್ಟಿತು. ಮುಂದೆ ಮಾಡುವ ತಕರಾರನ್ನ ಆ ಪ್ರೀತಿ ಇಟ್ಟುಕೊಂಡೇ ಮಾಡ್ತಿದೀನಿ.

ಪ್ರಶ್ನೆ ಹಳೇದು. ಮಗು ಹುಟ್ಟುತ್ತಲೇ ಒಳ್ಳೇದಾಗಿದ್ದು ಸಮಾಜ ಕೆಡಿಸುತ್ತೋ, ಇಲ್ಲಾ ಹುಟ್ಟುವಾಗ ಸ್ವಾರ್ಥಿಯಾಗಿದ್ದು ಸಮಾಜ ತಿದ್ದುತ್ತೋ? ರೂಸೋ ಒಂದು ಕಡೆ, ಹಾಬ್ಸ್ ಇನ್ನೊಂದು ಕಡೆ. ಟೊಮಾಸೆಲೊ ತಮ್ಮ ಉತ್ತರಕ್ಕೆ ತಮಾಷೆಯ ಹೆಸರಿಟ್ಟಿದ್ದಾರೆ: ‘ಮೊದಲು ಸ್ಪೆಲ್ಕಿ, ಆಮೇಲೆ ಡ್ವೆಕ್’. ಎಲಿಜಬೆತ್ ಸ್ಪೆಲ್ಕಿ ಅಂದರೆ ಮಕ್ಕಳ ತಲೆಯಲ್ಲಿ ಹುಟ್ಟಿನಿಂದಲೇ ಎಷ್ಟೋ ಇರುತ್ತೆ ಅನ್ನುವ ಪಕ್ಷ. ಕ್ಯಾರಲ್ ಡ್ವೆಕ್ ಅಂದರೆ ಕಲಿಕೆ, ಪರಿಸರದ ಪಕ್ಷ. ಮಗು ಹುಟ್ಟಿನಿಂದ ಸಹಾಯ ಮಾಡುವ ಸ್ವಭಾವದ್ದು. ಯಾರಿಗೆ, ಯಾವಾಗ, ಎಷ್ಟು ಅನ್ನುವ ಲೆಕ್ಕಾಚಾರ ಆಮೇಲೆ ಕಲಿಯುತ್ತೆ. ಈ ಇಬ್ಬರೂ ಪುಸ್ತಕದ ಹಿಂದಿನ ಅರ್ಧದಲ್ಲಿ ಉತ್ತರ ಕೊಡಲು ಕೂತಿದ್ದಾರೆ ಅನ್ನೋದೇ ಮಜಾ.

ಸಾಕ್ಷಿ ಏನು? 2006ರಲ್ಲಿ ಫೆಲಿಕ್ಸ್ ವಾರ್ನೆಕನ್ ಮತ್ತು ಟೊಮಾಸೆಲೊ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಯೋಗ. ಹದಿನೆಂಟು ತಿಂಗಳ 24 ಮಕ್ಕಳು. ಮಗುವಿಗೆ ಗುರುತಿಲ್ಲದ ಒಬ್ಬ ದೊಡ್ಡವನು ಕೈತುಂಬ ಪತ್ರಿಕೆಗಳ ಕಟ್ಟು ಹಿಡಿದು ಬೀರುವಿನ ಹತ್ತಿರ ಬರ್ತಾನೆ, ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೀತಾನೆ. ಮೂಲೆಯಲ್ಲಿ ಅಮ್ಮನ ಪಕ್ಕ ನಿಂತ ಮಗು ನೋಡುತ್ತೆ. ತಪ್ಪುಹೆಜ್ಜೆ ಹಾಕ್ಕೊಂಡು ಬಂದು ಬಾಗಿಲು ತೆರೆಯುತ್ತೆ. ಆಮೇಲೆ ತಲೆಯೆತ್ತಿ ಅವನ ಮುಖ ನೋಡುತ್ತೆ, ‘ಈಗ ಇಡು’ ಅನ್ನೋ ಹಾಗೆ. ಯಾರೂ ಹೇಳಿಲ್ಲ, ಯಾರೂ ಥ್ಯಾಂಕ್ಸ್ ಅನ್ನಲ್ಲ. 24ರಲ್ಲಿ 22 ಮಕ್ಕಳು ಒಂದಲ್ಲ ಒಂದು ಸಂದರ್ಭದಲ್ಲಿ ಸಹಾಯ ಮಾಡಿದ್ದಾರೆ. ಇನ್ನೊಂದು ಸಂದರ್ಭದಲ್ಲಿ ಬಟ್ಟೆ ಒಣಹಾಕುತ್ತಾ ಇರುವವನ ಕೈಯಿಂದ ಕ್ಲಿಪ್ ಜಾರಿ ಬೀಳುತ್ತೆ. ಮಗು ಎತ್ತಿಕೊಡುತ್ತೆ. ಅದೇ ಮನುಷ್ಯ ಬೇಕಂತ ಎಸೆದರೆ ಸಾಮಾನ್ಯವಾಗಿ ಎತ್ತಿಕೊಡಲ್ಲ. ಅಂದರೆ ಮಗು ಬಿದ್ದ ವಸ್ತು ನೋಡ್ತಿಲ್ಲ, ಬೀಳಿಸಿದವನ ಉದ್ದೇಶ ನೋಡ್ತಿದೆ. ಈ ಕಂಟ್ರೋಲ್ ಇಟ್ಟಿದ್ದು ನೋಡಿ ನನ್ನೊಳಗಿನ ಟೆಸ್ಟರ್‌ಗೆ ಖುಷಿಯಾಯ್ತು. ಇದೇ ಪರೀಕ್ಷೆಯನ್ನ ಮನುಷ್ಯರು ಸಾಕಿದ ಮೂರು ಚಿಂಪಾಂಜಿಗಳಿಗೂ ಕೊಟ್ಟಿದ್ದರು. ಎಟುಕದ್ದನ್ನ ಎತ್ತಿಕೊಡೋದರಲ್ಲಿ ಅವೂ ಸಹಾಯ ಮಾಡಿವೆ, ಉಳಿದದ್ದರಲ್ಲಿ ಇಲ್ಲ. ಮೂರೇ ಚಿಂಪಾಂಜಿ ಅಂತ ನೆನಪಿಟ್ಟುಕೊಳ್ಳಿ.

ಓದಿದ ಸಂಜೆಯೇ ನಾನೂ ಮನೆಯಲ್ಲಿ ಬಟ್ಟೆ ಒಣಹಾಕೋ ನಾಟಕ ಮಾಡಿದೆ. ಮಗಳು ಕ್ಲಿಪ್ ಎತ್ತಿ ಕೊಟ್ಟಳು. ಇನ್ನೊಂದು ಬೀಳಿಸಿದೆ, ಕೊಟ್ಟಳು. ಆರನೇದಕ್ಕೆ ಕ್ಲಿಪ್ಪಿನ ಬುಟ್ಟಿಯನ್ನೇ ಎತ್ತಿಕೊಂಡು ಹೋಗಿ ಸೋಫಾ ಹಿಂದೆ ಬಚ್ಚಿಟ್ಟಳು. ಪುಸ್ತಕದಲ್ಲಿ ಈ ಕೇಸ್ ಇಲ್ಲ.

ಪುಸ್ತಕದಲ್ಲಿ ನನಗೆ ನಿಜಕ್ಕೂ ಚುಚ್ಚಿದ್ದು ಬಹುಮಾನದ ಪ್ರಯೋಗ. ಇಪ್ಪತ್ತು ತಿಂಗಳ ಮಕ್ಕಳನ್ನ ಮೂರು ಗುಂಪು ಮಾಡಿದರು. ಸಹಾಯ ಮಾಡಿದಾಗ ಒಂದು ಗುಂಪಿಗೆ ಆಟದ ವಸ್ತು, ಇನ್ನೊಂದಕ್ಕೆ ಬಾಯಿಮಾತಿನ ಹೊಗಳಿಕೆ, ಮೂರನೆಯದಕ್ಕೆ ಏನೂ ಇಲ್ಲ. ಆಮೇಲೆ ಯಾರಿಗೂ ಏನೂ ಕೊಡದೆ ನೋಡಿದಾಗ, ಮೊದಲು ವಸ್ತು ಪಡೆದ ಮಕ್ಕಳ ಸಹಾಯ ಕಡಿಮೆಯಾಗಿತ್ತು. ಏನೂ ಪಡೆಯದ ಮಕ್ಕಳು ಸುಮ್ಮನೆ ಮಾಡ್ತಾ ಹೋದರು. ಇದನ್ನ ಓದುವ ಹೊತ್ತಿಗೆ ನಮ್ಮ ಫ್ರಿಡ್ಜ್ ಮೇಲೆ ಸ್ಟಿಕರ್ ಚಾರ್ಟ್ ಅಂಟಿಸಿ ಮೂರು ವಾರ ಆಗಿತ್ತು. ಆಟದ ಸಾಮಾನು ಪಕ್ಕದ ಮನೆ ಹುಡುಗನಿಗೆ ಕೊಟ್ಟರೆ ಒಂದು ಸ್ಟಾರ್, ಐದು ಸ್ಟಾರಿಗೆ ಒಂದು ಕಿಂಡರ್ ಜಾಯ್. ಮೂರನೇ ವಾರ ಮಗಳು ಪಕ್ಕದ ಮನೆ ಹುಡುಗನ ಕೈಗೆ ಬೊಂಬೆ ತುರುಕಿ, ಅಲ್ಲೇ ಕಸಿದುಕೊಂಡು, ಸ್ಟಾರ್ ಕೇಳೋಕೆ ಓಡಿ ಬಂದಿದ್ದಳು. ತಪ್ಪು ಮೆಟ್ರಿಕ್ ಇಟ್ಟರೆ ಟೀಮು ಮೆಟ್ರಿಕ್ಕಿಗೇ ಕೆಲಸ ಮಾಡುತ್ತೆ ಅಂತ ಆಫೀಸಲ್ಲಿ ಪ್ರೆಸೆಂಟೇಷನ್ ಕೊಟ್ಟವನು ನಾನೇ. ಚಾರ್ಟ್ ಕಿತ್ತು ಹಾಕಿದೆ. ಕಿಂಡರ್ ಜಾಯ್‌ಗೋಸ್ಕರ ಎರಡು ದಿನ ಅತ್ತಳು.

ಇಷ್ಟು ಒಪ್ಪಿಗೆ. ಈಗ ತಕರಾರು.

ಆ ಕೋಣೆಯಲ್ಲಿ ಯಾರು ಇದ್ದಾರೆ ನೋಡಿ. ಒಂದು ಮಗು, ಒಬ್ಬ ಅಮ್ಮ, ಒಬ್ಬ ಅಪರಿಚಿತ. ಲೈಪ್ಜಿಗ್‌ನಲ್ಲಿ ಹದಿನೆಂಟು ತಿಂಗಳ ಮಗುವಿನ ಜಗತ್ತು ಅಷ್ಟೇ ಇರಬಹುದು. ನಾನು ಬೆಳೆದ ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಒಂದೂವರೆ ವರ್ಷದ ಮಗು ಇರುತ್ತಿದ್ದುದು ಆರು ವರ್ಷದ ಅಕ್ಕನ ಸೊಂಟದ ಮೇಲೆ. ನನ್ನನ್ನ ಎತ್ತಿ ಆಡಿಸಿದ ಅಕ್ಕನಿಗೆ ಈಗಲೂ ಒಂದು ಕಡೆಯ ಸೊಂಟ ಸ್ವಲ್ಪ ಎತ್ತರ ಅಂತ ಮನೆಯಲ್ಲಿ ತಮಾಷೆ ಮಾಡ್ತಾರೆ. ಕಣದಲ್ಲಿ ರಾಗಿ ಬಡಿಯುವಾಗ ಮೂರು ವರ್ಷದವನು ಕಡ್ಡಿ ಎತ್ತುತ್ತಿದ್ದ, ಐದು ವರ್ಷದವಳು ಕೋಳಿ ಓಡಿಸುತ್ತಿದ್ದಳು. ಅದನ್ನ ಯಾರೂ ‘ಸಹಾಯ’ ಅಂತ ಕರೀತಿರಲಿಲ್ಲ. ಅಲ್ಲಿ ಇರೋದು ಅಂದರೇ ಅದು. ಟೊಮಾಸೆಲೊ, ಸಹಾಯಗುಣ ಸಹಜವಾದದ್ದು ಅನ್ನಲು ಐದು ಕಾರಣ ಕೊಡ್ತಾರೆ. ಅದರಲ್ಲಿ ಒಂದು, ಬೇರೆ ಸಂಸ್ಕೃತಿಗಳಲ್ಲೂ ಇದು ಹೀಗೇ ಇದೆ ಅನ್ನೋದು. ಐದರಲ್ಲಿ ಅತಿ ತೆಳುವಾದ ಕಾರಣ ಅದೇ. ಬಂದಷ್ಟೇ ಬೇಗ ದಾಟಿಹೋಗುತ್ತೆ. ನ್ಯಾಯವಾಗಿ ಹೇಳಬೇಕಂದ್ರೆ ಎರಡೇ ವರ್ಷದಲ್ಲಿ ಆ ಕೊರತೆ ಒಂದಷ್ಟು ತುಂಬಿತು: 2011ರಲ್ಲಿ ತಾರಾ ಕ್ಯಾಲಹನ್ ಮತ್ತು ಸಂಗಡಿಗರು (ಟೊಮಾಸೆಲೊ ಕೂಡ ಅದರಲ್ಲಿದ್ದಾರೆ) ಕೆನಡಾ, ಪೆರು, ಭಾರತ ಮೂರರಲ್ಲೂ ಪುಟ್ಟ ಮಕ್ಕಳನ್ನ ಪರೀಕ್ಷಿಸಿ, ಬೆರಳು ತೋರಿಸೋದು, ಸಹಾಯ, ಸಹಕಾರ ಇಂಥವು ಸುಮಾರು ಒಂದೇ ವಯಸ್ಸಿಗೆ ಬರ್ತವೆ ಅಂತ ಕಂಡರು.

ಆದರೂ ಬರೋದು ಒಂದೇ ವಯಸ್ಸಿಗೆ ಅಂದ ಮಾತ್ರಕ್ಕೆ ಬೆಳೆಯೋದೂ ಒಂದೇ ಥರ ಅಂತಲ್ಲ. ಬಾರ್ಬರಾ ರೊಗಾಫ್ ಅನ್ನುವವರು ಗ್ವಾಟೆಮಾಲಾದ ಮಾಯಾ ಜನರ ಊರಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅಲ್ಲಿ ಮಕ್ಕಳನ್ನ ಕೆಲಸದಿಂದ ದೂರ ಇಡಲ್ಲ. ನೋಡ್ತಾ ನೋಡ್ತಾ ಕೈ ಹಾಕ್ತಾರೆ, ಹಾಗೇ ಕಲೀತಾರೆ. ಮೆಕ್ಸಿಕೋ ಮೂಲದ ಅಮ್ಮಂದಿರ ಬಾಯಲ್ಲಿ ‘ಅಕೊಮೆದಿದೊ’ ಅನ್ನೋ ಪದ ಇದೆಯಂತೆ: ಕೇಳದೆಯೇ, ಏನು ಬೇಕು ಅಂತ ಗಮನಿಸಿ ಕೈಜೋಡಿಸುವ ಮಗು. ನಮ್ಮವ್ವ ಇದನ್ನೇ ‘ಕೈ ಬಾಯಿ ನೋಡ್ಕೊಂಡು ಮಾಡೋ ಹುಡುಗಿ’ ಅಂತಾಳೆ. ನನ್ನ ಮಗಳು ಚಪಾತಿ ಹಿಟ್ಟಿಗೆ ಕೈ ಹಾಕಲು ಬಂದಾಗ ನಾವೇನು ಮಾಡ್ತೀವಿ ಗೊತ್ತಾ? ಅವಳಿಗೆ ಪ್ಲಾಸ್ಟಿಕ್ಕಿನ ಅಡುಗೆ ಸೆಟ್ ಕೊಟ್ಟು ಆ ಕಡೆ ಕೂರಿಸ್ತೀವಿ. ಆಮೇಲೆ ಸಹಕಾರ ಕಲಿಸೋಕೆ ಫೀಸ್ ಕಟ್ಟಿ ಸ್ಕೂಲಿಗೆ ಕಳಿಸ್ತೀವಿ.

ಟೊಮಾಸೆಲೊ ಪುಸ್ತಕದ ಜೊತೆಗೇ ಓದಬೇಕಾದ್ದು ಅದೇ 2009ರಲ್ಲಿ ಬಂದ ಸಾರಾ ಬ್ಲಾಫರ್ ಹರ್ಡಿಯವರ ‘ಮದರ್ಸ್ ಅಂಡ್ ಅದರ್ಸ್’. ನನಗೆ ಇವೆರಡರಲ್ಲಿ ಅದೇ ಒಂದು ತೂಕ ಹೆಚ್ಚು. ಮೊದಲ ಪುಟಗಳಲ್ಲೇ ಅವರು ವಿಮಾನ ಪ್ರಯಾಣ ಮಾಡ್ತಾ, ಇಷ್ಟೇ ಜನ ಚಿಂಪಾಂಜಿಗಳನ್ನ ಹೀಗೇ ತುಂಬಿದ್ದರೆ ಏನಾಗ್ತಿತ್ತು ಅಂತ ಯೋಚಿಸ್ತಾರೆ. ಇಳಿಯುವಾಗ ಕೈಬೆರಳು ಕಾಲ್ಬೆರಳು ಎಲ್ಲ ಇದ್ದರೆ ಅದೃಷ್ಟ! (ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ್ದರೆ ಅವರು ಈ ಹೋಲಿಕೆ ಕೈಬಿಡ್ತಿದ್ದರೇನೋ.) ಅವರ ವಾದ ಹೀಗೆ: ಚಿಂಪಾಂಜಿ ತಾಯಿ ತನ್ನ ಮರಿಯನ್ನ ತಿಂಗಳುಗಟ್ಟಲೆ ಬೇರೆಯವರ ಕೈಗೆ ಕೊಡಲ್ಲ. ಮನುಷ್ಯರ ಮಗು ಹುಟ್ಟಿದ ಗಳಿಗೆಯಿಂದ ಅಜ್ಜಿ, ಅಕ್ಕ, ಚಿಕ್ಕಮ್ಮ ಅಂತ ಕೈಯಿಂದ ಕೈಗೆ ಹೋಗುತ್ತೆ. ಹತ್ತು ಜನರ ಮುಖ ಓದಿ, ಹತ್ತು ಜನರನ್ನ ಒಲಿಸಿಕೊಂಡ ಮಗು ಉಳೀತು. ಇನ್ನೊಬ್ಬರ ಮನಸ್ಸನ್ನ ಓದುವ ನಮ್ಮ ಶಕ್ತಿ ಬೇಟೆಯಾಡಿದ ಗಂಡಸರಿಂದ ಬಂದದ್ದಕ್ಕಿಂತ ಹೆಚ್ಚಾಗಿ ಮಗು ಎತ್ತಿಕೊಂಡ ಅಜ್ಜಿ ಅಕ್ಕಂದಿರಿಂದ ಬಂತು ಅನ್ನೋದು ಇದರ ಅರ್ಥ. ಟೊಮಾಸೆಲೊ ಸಹಕಾರದ ಮೂಲವನ್ನ ಜೊತೆಗೂಡಿ ಆಹಾರ ಸಂಪಾದಿಸೋದರಲ್ಲಿ ಹುಡುಕುವಾಗ, ಮಗು ಹೊತ್ತ ಆ ಆರು ವರ್ಷದ ಅಕ್ಕ ಫ್ರೇಮಿನಿಂದ ಆಚೆ ಉಳಿದುಬಿಡ್ತಾಳೆ.

ಎರಡನೇ ತಕರಾರು ಮಿದುಳಿನದು. ಮಗುವಿನ ಸ್ವಭಾವದ ಬಗ್ಗೆ ಇಷ್ಟು ಹೇಳುವ ಪುಸ್ತಕದಲ್ಲಿ ಮಿದುಳು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬ್ಲ್ಯಾಕ್ ಬಾಕ್ಸ್ ಟೆಸ್ಟಿಂಗ್ ಅಂತೀವಲ್ಲ, ಅದು: ಇನ್‌ಪುಟ್ ಕೊಡು, ಔಟ್‌ಪುಟ್ ನೋಡು. 2009ರಲ್ಲಿ ಅದು ಕ್ಷಮಿಸಬಹುದಾದ ತಪ್ಪು, ಮೂರು ವರ್ಷದ ಮಗುವನ್ನ ಎಂಆರ್‌ಐ ಯಂತ್ರದಲ್ಲಿ ಅಲ್ಲಾಡದೆ ಮಲಗಿಸೋದು ಹುಡುಗಾಟ ಅಲ್ಲ. ಆಮೇಲೆ ಬಂದ ಕೆಲಸ ನೋಡಿದರೆ ಚಿತ್ರ ತುಂಬಿಕೊಳ್ಳುತ್ತೆ. ವಿಚಿತ್ರ ಅಂದರೆ ಅದರಲ್ಲಿ ಎರಡು ಅದೇ ಲೈಪ್ಜಿಗ್‌ನ ಇನ್ನೊಂದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವು.

ಮೂರು-ನಾಲ್ಕರ ನಡುವೆ ಮಕ್ಕಳಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತೆ. ಸ್ಯಾಲಿ ತನ್ನ ಗೋಲಿಯನ್ನ ಬುಟ್ಟಿಯಲ್ಲಿಟ್ಟು ಹೊರಗೆ ಹೋದಳು, ಆನ್ ಅದನ್ನ ಡಬ್ಬಿಗೆ ಹಾಕಿದಳು, ವಾಪಸ್ ಬಂದ ಸ್ಯಾಲಿ ಎಲ್ಲಿ ಹುಡುಕ್ತಾಳೆ? ಮೂರರ ಮಗು ‘ಡಬ್ಬಿಯಲ್ಲಿ’ ಅನ್ನುತ್ತೆ. ತನಗೆ ಗೊತ್ತಿರೋದು ಸ್ಯಾಲಿಗೆ ಗೊತ್ತಿಲ್ಲ ಅನ್ನೋದು ಅದಕ್ಕೆ ಹೊಳೆಯಲ್ಲ. ನಾಲ್ಕು ದಾಟಿದ ಮಗು ಸಾಮಾನ್ಯವಾಗಿ ‘ಬುಟ್ಟಿಯಲ್ಲಿ’ ಅನ್ನುತ್ತೆ. 2017ರಲ್ಲಿ ಶಾರ್ಲಟ್ ಗ್ರೋಸೆ ವೀಸ್‌ಮನ್ ಮತ್ತು ಸಂಗಡಿಗರು ತೋರಿಸಿದ್ದು, ಈ ಪರೀಕ್ಷೆ ಪಾಸಾಗೋದಕ್ಕೂ ಮಿದುಳಿನ ಬಿಳಿ ತಂತುಗಳು ಬಲಿಯೋದಕ್ಕೂ ಸಂಬಂಧ ಇದೆ ಅಂತ. ಕಿವಿಯ ಹಿಂದೆ-ಮೇಲಿನ ಭಾಗವನ್ನ ಹಣೆಯ ಹಿಂದಿನ ಭಾಗಕ್ಕೆ ಸೇರಿಸುವ ಕೇಬಲ್ ಅಂದುಕೊಳ್ಳಿ. ಅಮೆರಿಕದಲ್ಲಿ ಹಿಲರಿ ರಿಚರ್ಡ್‌ಸನ್, ರೆಬೆಕಾ ಸ್ಯಾಕ್ಸ್ ಮತ್ತು ಸಂಗಡಿಗರು ಮೂರರಿಂದ ಹನ್ನೆರಡು ವರ್ಷದ 122 ಮಕ್ಕಳಿಗೆ ಸ್ಕ್ಯಾನರ್ ಒಳಗೆ ಪಿಕ್ಸಾರ್‌ನ ‘ಪಾರ್ಟ್ಲಿ ಕ್ಲೌಡಿ’ ಕಿರುಚಿತ್ರ ತೋರಿಸಿದರು. ಇನ್ನೊಬ್ಬರ ದೇಹದ ನೋವಿಗೆ ಒಂದು ಜಾಲ, ಇನ್ನೊಬ್ಬರ ಮನಸ್ಸಿಗೆ ಇನ್ನೊಂದು ಜಾಲ. ಮೂರು ವರ್ಷಕ್ಕೇ ಎರಡೂ ಬೇರೆ ಬೇರೆಯಾಗಿ ಕಾಣ್ತವೆ, ವಯಸ್ಸಾದ ಹಾಗೆ ಇನ್ನಷ್ಟು ಬೇರೆಯಾಗ್ತವೆ.

ಈಗ ರಿಪೋರ್ಟ್ ಕಾರ್ಡಿಗೆ ಬರೋಣ. ಹಂಚಿಕೊಳ್ಳಬೇಕು ಅಂತ ಗೊತ್ತಿರೋದು ಬೇರೆ, ಹಂಚಿಕೊಳ್ಳೋದು ಬೇರೆ. 2013ರಲ್ಲಿ ಕ್ರೇಗ್ ಸ್ಮಿತ್, ಪೀಟರ್ ಬ್ಲೇಕ್, ಪಾಲ್ ಹ್ಯಾರಿಸ್ ಮೂರರಿಂದ ಎಂಟು ವರ್ಷದ ಮಕ್ಕಳನ್ನ ಕೇಳಿದರು. ಮೂರರ ಮಗುವೂ ಸಮ ಹಂಚಬೇಕು ಅಂತಲೇ ಹೇಳಿತು. ಕೈಗೆ ಸ್ಟಿಕರ್ ಕೊಟ್ಟಾಗ ಹೆಚ್ಚು ತಾನೇ ಇಟ್ಟುಕೊಂಡಿತು. ಮಾತು ಮತ್ತು ಕೈ ಒಂದಾಗೋದಕ್ಕೆ ಏಳು-ಎಂಟು ವರ್ಷ ಆಗಬೇಕಾಯಿತು. ನಿಕೊಲಾಸ್ ಸ್ಟೈನ್‌ಬೈಸ್ ತಂಡ 2012ರಲ್ಲಿ ಆರರಿಂದ ಹದಿನಾಲ್ಕರ ಮಕ್ಕಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರ: ಯಾವುದು ನ್ಯಾಯ ಅನ್ನೋ ತಿಳುವಳಿಕೆ ಚಿಕ್ಕ ಮಕ್ಕಳಲ್ಲೂ ಇದೆ, ಆಸೆಯನ್ನ ತಡೆಹಿಡಿಯುವ ಹಣೆಯ ಎಡಭಾಗದ ಮಿದುಳು ಇನ್ನೂ ಬಲಿತಿಲ್ಲ. ಹಾರ್ಡ್‌ವೇರ್ ಡೆಲಿವರಿಯೇ ಆಗದ ಫೀಚರ್‌ಗೆ ಬಗ್ ಹಾಕಿದ ಹಾಗಾಯ್ತು ಆ ಪ್ಲೇಸ್ಕೂಲಿನ ಷರಾ. ಅವ್ವನ ಉಚ್ಚೆಯ ವಾದವೇ ಸರಿ.

ಪೂರ್ತಿ ಸರಿಯಲ್ಲ ಅನ್ನಿ. ಯಾಕಂದರೆ ಮೂರರ ಮಕ್ಕಳು ಸಮ ಹಂಚುವ ಒಂದು ಸಂದರ್ಭ ಇದೆ, ಅದನ್ನ ಕಂಡುಹಿಡಿದದ್ದೂ ಟೊಮಾಸೆಲೊ ಬಳಗವೇ, ಪುಸ್ತಕ ಬಂದ ಮೇಲೆ, 2011ರಲ್ಲಿ. ಇಬ್ಬರು ಮಕ್ಕಳು ಸೇರಿ ಹಗ್ಗ ಎಳೆದರೆ ಗೋಲಿಗಳು ಬರ್ತವೆ. ಒಬ್ಬನ ಕಡೆ ಮೂರು, ಇನ್ನೊಬ್ಬನ ಕಡೆ ಒಂದು. ಸೇರಿ ಎಳೆದಿದ್ದರೆ, ಮೂರು ಸಿಕ್ಕಿದವನು ಬಹಳಷ್ಟು ಸಲ ಒಂದನ್ನ ದಾಟಿಸಿ ಎರಡು-ಎರಡು ಮಾಡ್ತಾನೆ. ಕೋಣೆಗೆ ಬಂದಾಗ ಗೋಲಿ ಸುಮ್ಮನೆ ಬಿದ್ದಿದ್ದರೆ ಹಾಗೆ ಮಾಡೋದು ಬಹಳ ಕಡಿಮೆ. ಚಿಂಪಾಂಜಿಗಳಿಗೆ ಎರಡೂ ಒಂದೇ. ನನಗೆ ಇಡೀ ಈ ಸಾಹಿತ್ಯದಲ್ಲಿ ಅತಿ ಇಷ್ಟವಾದ ಪ್ರಯೋಗ ಇದು. ಪ್ಲೇಸ್ಕೂಲಿನ ಆಟದ ಸಾಮಾನು ಎಂಥದ್ದು? ಸುಮ್ಮನೆ ಬಿದ್ದಿರೋ ಗೋಲಿ. ಯಾರೂ ಸೇರಿ ಎಳೆದದ್ದಲ್ಲ. ಅದನ್ನ ಹಂಚಿಕೊ ಅಂತ ಎರಡೂವರೆ ವರ್ಷದವಳಿಗೆ ಹೇಳೋದು, ಹಂಚಿಕೊಳ್ಳಲಿಲ್ಲ ಅಂತ ಬರೆದು ಕಳಿಸೋದು!

ನಮ್ಮ ಕಡೆ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ಹೊಲದ ಕೊಯ್ಲಿಗೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ದುಡ್ಡಿಲ್ಲ, ಊಟ ಮಾತ್ರ. ಸೇರಿ ಎಳೆದ ಹಗ್ಗ ಅಂದರೆ ಇದೇ ಅಲ್ವಾ ಅಂತ ಓದ್ತಾ ಓದ್ತಾ ಎದೆ ಉಬ್ಬಿತು. ನಮ್ಮ ಊರಿನ ಬಗ್ಗೆ ಇಲ್ಲೊಂದು ಚಂದದ ಪ್ಯಾರಾ ಬರೀಬಹುದಿತ್ತು. ಬರೆದೂ ಇದ್ದೆ, ಅಳಿಸಿದೆ. ಅಳಿಸಿದ್ದಕ್ಕೆ ಕಾರಣ ಪುಸ್ತಕದ ಎರಡನೇ ಅಧ್ಯಾಯ.

ಅಲ್ಲಿ ಟೊಮಾಸೆಲೊ ರೂಢಿ-ನಿಯಮಗಳ ಬಗ್ಗೆ ಬರೀತಾರೆ. ಹಾನೆಸ್ ರಾಕೋಟ್ಸಿ ಜೊತೆ 2008ರಲ್ಲಿ ಪ್ರಕಟಿಸಿದ ಪ್ರಯೋಗ: ಮಗುವಿಗೆ ಹೊಸ ಆಟ ಕಲಿಸ್ತಾರೆ, ಅದಕ್ಕೆ ‘ಡ್ಯಾಕ್ಸಿಂಗ್’ ಅಂತ ಸುಮ್ಮನೆ ಒಂದು ಹೆಸರು. ಆಮೇಲೆ ಒಂದು ಕೈಗೊಂಬೆ ಬಂದು, ನಾನೂ ಡ್ಯಾಕ್ಸ್ ಮಾಡ್ತೀನಿ ಅಂತ ತಪ್ಪು ರೀತಿಯಲ್ಲಿ ಆಡುತ್ತೆ. ಎರಡು-ಮೂರು ವರ್ಷದ ಮಕ್ಕಳು ಸುಮ್ಮನಿರಲ್ಲ. ಹಾಗಲ್ಲ, ಹೀಗೆ ಅಂತ ತಡೀತಾರೆ, ಮೂರರವರಂತೂ ಜೋರಾಗಿ. ತಮಗೇನೂ ನಷ್ಟ ಇಲ್ಲ, ಆದರೂ ನಿಯಮ ಮುರಿದರೆ ತಡೆಯಲಾಗದು. ಮುಂದಿನ ಕೆಲಸಗಳಲ್ಲಿ ಮಾರ್ಕೋ ಶ್ಮಿಟ್ ಮತ್ತಿತರರು ಇನ್ನೂ ಮುಂದೆ ಹೋದರು. ಕಲಿಸೋದೂ ಬೇಡ, ಇದು ಸರಿ ಇದು ತಪ್ಪು ಅಂತ ಹೇಳೋದೂ ಬೇಡ. ದೊಡ್ಡವರೊಬ್ಬರು ಒಂದೇ ಒಂದು ಸಲ ಸಹಜವಾಗಿ ಮಾಡಿದ್ದನ್ನ ನೋಡಿದರೆ ಸಾಕು, ಮೂರರ ಮಗು ಅದನ್ನೇ ನಿಯಮ ಮಾಡಿಕೊಂಡು ಬೇರೆಯವರ ಮೇಲೆ ಹೇರುತ್ತೆ. 2016ರ ಪ್ರಬಂಧ ಅದು. ಟೊಮಾಸೆಲೊಗೆ ಇದೆಲ್ಲ ಮನುಷ್ಯರ ದೊಡ್ಡ ಸಾಧನೆಯ ಮೊಳಕೆ: ಇಲ್ಲಿಂದಲೇ ಮದುವೆ, ಹಣ, ಸರ್ಕಾರ ಎಲ್ಲ ಸಂಸ್ಥೆಗಳೂ ಬಂದವು. ನಾವು ಅನ್ನುವ ಭಾವದಿಂದ.

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ಕತೆ ಇದೆ. ನನಗೆ ನೆನಪಿಲ್ಲ, ಹೇಳಿ ಹೇಳಿ ನೆನಪಾಗಿಬಿಟ್ಟಿದೆ. ನನಗೆ ಮೂರೂವರೆ-ನಾಲ್ಕು ವರ್ಷ. ಹೊಲದ ಕೆಲಸಕ್ಕೆ ಬರುತ್ತಿದ್ದ ಒಬ್ಬಳ ಮಗ ನನ್ನದೇ ವಯಸ್ಸಿನವನು, ದಿನವಿಡೀ ಒಟ್ಟಿಗೆ ಮಣ್ಣಲ್ಲಿ ಆಡ್ತಿದ್ದೆವು. ಬಾಯಾರಿ ಅವನು ಹಿತ್ತಲಿನ ಬಾಗಿಲಿಂದ ಒಳಗೆ ಬಂದು ಗುಡಾಣಕ್ಕೆ ಕೈ ಹಾಕಿದನಂತೆ. ನಾನು ಓಡಿಬಂದು ‘ಏ, ಹಂಗಲ್ಲ, ನೀನು ಮುಟ್ಟಬಾರದು, ಹೊರಗೆ ನಿಂತ್ಕೊ, ಹುಯ್ತಾರೆ’ ಅಂದೆನಂತೆ. ಸೂರಿಗೆ ಸಿಕ್ಕಿಸಿದ್ದ ಲೋಟ ತೋರಿಸಿ ‘ನಿಂದು ಅದು’ ಅಂತಲೂ ಅಂದೆನಂತೆ. ಯಾರೂ ಹೇಳಿಕೊಟ್ಟಿರಲಿಲ್ಲ. ವರ್ಷಗಟ್ಟಲೆ ನೆಂಟರು ಬಂದಾಗಲೆಲ್ಲ ಈ ಕತೆ ಹೇಳ್ತಿದ್ದರು, ಹುಡುಗ ಎಷ್ಟು ಚುರುಕು ಅನ್ನೋದಕ್ಕೆ ಉದಾಹರಣೆಯಾಗಿ. ನಾನೂ ಪಕ್ಕದಲ್ಲಿ ನಿಂತು ನಾಚಿಕೊಳ್ತಿದ್ದೆ, ಹೊಗಳಿಕೆಗೆ ನಾಚಿಕೊಳ್ಳೋ ಥರ.

‘ಹಂಗಲ್ಲ.’ ಲೈಪ್ಜಿಗ್‌ನ ಮಗು ಕೈಗೊಂಬೆಗೆ ಹೇಳೋದೂ ಅದೇ, ದನಿಯೂ ಅದೇ ಇರಬೇಕು. ಮುಯ್ಯಾಳಿನ ಊರೂ ಅದೇ, ಲೋಟದ ಊರೂ ಅದೇ. ಮುಯ್ಯಿಗೆ ಸೇರುತ್ತಿದ್ದುದು ಹೊಲ ಇದ್ದವರ ಮನೆಗಳು, ಲೋಟದವರಿಗೆ ಕೂಲಿ. ಪುಸ್ತಕ ಇಲ್ಲಿ ನನ್ನನ್ನ ಅರ್ಧ ದಾರಿಯಲ್ಲಿ ಬಿಟ್ಟು ಹೋಗುತ್ತೆ. ಗುಂಪಿನೊಳಗಿನ ಸಹಕಾರವೇ ಗುಂಪುಗಳ ನಡುವಿನ ಹೊಡೆದಾಟಕ್ಕೂ ಕಾರಣ, ಗುಂಪು ಅನ್ನೋದನ್ನೇ ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಳ್ಳಬೇಕು, ಅದು ಸುಲಭವಲ್ಲ ಅಂತ ಟೊಮಾಸೆಲೊ ಹೇಳದೆ ಇಲ್ಲ. ಕೊನೆಯಲ್ಲಿ, ಎರಡು ಮೂರು ವಾಕ್ಯದಲ್ಲಿ, ಎದ್ದು ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ತಾ ಹೇಳಿದ ಹಾಗೆ. ಅವರ ಮನಸ್ಸಲ್ಲಿರೋ ಚಿತ್ರ ಒಂದು ಗುಂಪು ಇಲ್ಲಿ, ಇನ್ನೊಂದು ಗುಂಪು ಅಲ್ಲಿ. ಒಂದೇ ಕಣದಲ್ಲಿ ಒಟ್ಟಿಗೆ ರಾಗಿ ಬಡಿದು, ನೀರು ಮಾತ್ರ ಬೇರೆ ಬೇರೆ ಕುಡಿಯುವ ಊರು ಅವರ ಲೆಕ್ಕದಲ್ಲಿಲ್ಲ. ಸಹಕಾರ ಮತ್ತು ಹೊರಗಿಡುವಿಕೆ ಎರಡೂ ಒಂದೇ ನಿಯಮದ ಎರಡು ಸಾಲಾಗಿರುವ ಕಡೆ ಮಗು ಏನು ಕಲಿಯುತ್ತೆ? ಪ್ರಯೋಗ ಮಾಡೋಕೆ ನಮ್ಮಲ್ಲಿ ಬೇಕಾದಷ್ಟು ಜಾಗ ಇತ್ತು, ಇದೆ.

ಹಿಂದಿನ ಅರ್ಧದ ನಾಲ್ಕು ಜನರಲ್ಲಿ ಯಾರಾದರೂ ಇದನ್ನ ಹಿಡೀತಾರಾ ಅಂತ ನೋಡಿದೆ. ಜೋನ್ ಸಿಲ್ಕ್ ವಾನರಗಳ ಕಡೆಯಿಂದ ಬರ್ತಾರೆ, ಬ್ರಯಾನ್ ಸ್ಕರ್ಮ್ಸ್ ಗೇಮ್ ಥಿಯರಿಯ ಕಡೆಯಿಂದ. ಇಬ್ಬರೂ ಬುದ್ಧಿವಂತರು, ಇಬ್ಬರಿಗೂ ಮಗು ಮುಖ್ಯವಲ್ಲ. ಸ್ಪೆಲ್ಕಿ, ಇದೆಲ್ಲ ಭಾಷೆಯಿಂದ ಬಂದದ್ದಿರಬಹುದಲ್ಲಾ ಅಂತ ಕೇಳೋದು ಒಳ್ಳೆ ಪ್ರಶ್ನೆ. ಡ್ವೆಕ್ ಮಾತ್ರ ನೋವಿರುವ ಜಾಗಕ್ಕೆ ಬೆರಳಿಡ್ತಾರೆ: ಒಂದು ವರ್ಷದ ಮಗು ಅಂದರೆ ಏನೂ ಕಲಿಯದ ಮಗು ಅಲ್ಲ. ಅಳುವಾಗ ಯಾರಾದರೂ ಬರ್ತಾರೋ ಇಲ್ಲವೋ ಅನ್ನೋದನ್ನ ಅಷ್ಟರೊಳಗೆ ಕಲಿತುಬಿಟ್ಟಿರುತ್ತೆ, ಜಗತ್ತು ಹೇಗೆ ಅಂತ ಅದರ ಮೇಲೆ ನಿರೀಕ್ಷೆ ಕಟ್ಟಿಕೊಂಡಿರುತ್ತೆ. ಹದಿನೆಂಟು ತಿಂಗಳಲ್ಲಿ ಕಂಡದ್ದನ್ನೆಲ್ಲ ಹುಟ್ಟುಗುಣ ಅನ್ನಬೇಡಿ ಅನ್ನೋ ಎಚ್ಚರಿಕೆ ಅದು. ಆ ಕಾಲದಲ್ಲಿ ಇನ್ನೂ ಚಿಕ್ಕ ಕೂಸುಗಳ ಬಗ್ಗೆಯೂ ಬಹಳ ಉತ್ಸಾಹ ಇತ್ತು. ಆರು ತಿಂಗಳ ಮಗುವೂ ಗುಡ್ಡ ಹತ್ತುವವನಿಗೆ ಸಹಾಯ ಮಾಡಿದ ಬೊಂಬೆಯನ್ನೇ ಆರಿಸಿಕೊಳ್ಳುತ್ತೆ ಅಂತ 2007ರಲ್ಲಿ ‘ನೇಚರ್’ನಲ್ಲಿ ಬಂದಿತ್ತು. 2024ರಲ್ಲಿ 37 ಲ್ಯಾಬುಗಳು ಸೇರಿ ಮತ್ತೆ ಮಾಡಿ ನೋಡಿದಾಗ ಕೂಸುಗಳು ಆ ಬೊಂಬೆಯನ್ನ ಆರಿಸಿದ್ದು ಸುಮಾರು ಅರ್ಧದಷ್ಟು ಸಲ, ಅಂದರೆ ನಾಣ್ಯ ಚಿಮ್ಮಿದ ಹಾಗೆ. ಡ್ವೆಕ್ ಎಚ್ಚರಿಕೆಗೆ ಬೆಲೆ ಇದೆ.

ಇದರ ಬಗ್ಗೆ ಆಫೀಸಲ್ಲಿ ಮಾತಾಡಿದಾಗ ಸಹೋದ್ಯೋಗಿಯೊಬ್ಬ 2015ರ ಒಂದು ಅಧ್ಯಯನ ಕಳಿಸಿದ. ಏಳು ದೇಶಗಳ ಮಕ್ಕಳು, ಭಾರತವೂ ಇದೆ. ಎದುರಿನವನಿಗಿಂತ ಕಡಿಮೆ ಮಿಠಾಯಿ ಸಿಕ್ಕಿದರೆ, ಇಬ್ಬರಿಗೂ ಬೇಡ ಅಂತ ಮಗು ಹಿಡಿಕೆ ಎಳೀಬಹುದು. ಇದು ಏಳೂ ಕಡೆ ಕಂಡಿತು. ತನಗೆ ಹೆಚ್ಚು ಸಿಕ್ಕಾಗಲೂ ಬೇಡ ಅನ್ನೋದು ಮಾತ್ರ ಅಮೆರಿಕ, ಕೆನಡಾ, ಉಗಾಂಡಾ ಮೂರರ ದೊಡ್ಡ ಮಕ್ಕಳಲ್ಲಷ್ಟೇ. ಅವನು ಕೆಳಗೆ ಬರೆದಿದ್ದ: ‘ನೋಡಪ್ಪ, ನಾವಿರೋದೇ ಹೀಗೆ.’ ನಾನು ಒಪ್ಪಲಿಲ್ಲ. ಒಂದು ಕಡೆಯ ಮಕ್ಕಳು ಇಡೀ ದೇಶ ಅಲ್ಲ. ಜೊತೆಗೆ, ಕೊಟ್ಟದ್ದನ್ನ ದೊಡ್ಡವರ ಮುಂದೆ ಬೇಡ ಅನ್ನೋದು ನ್ಯಾಯವೋ ಉದ್ಧಟತನವೋ ಅಂತ ನಮ್ಮ ಮಕ್ಕಳು ಯೋಚಿಸಿರಬಹುದು. ಹೀಗೆಲ್ಲ ವಾದ ಮಾಡಿ ಗೆದ್ದು ಮನೆಗೆ ಬಂದೆ.

ಮನೆಕೆಲಸಕ್ಕೆ ಬರುವ ಅಕ್ಕನಿಗೆ ಹೆಂಡತಿ ಕಾಫಿ ಬೆರೆಸ್ತಿದ್ದಳು. ಕೈಗೆ ಸಿಕ್ಕಿದ ಲೋಟಕ್ಕೆ ಹಾಕಿ ಕೊಟ್ಟಳು. ಮಗಳು ಆಟ ಬಿಟ್ಟು ಎದ್ದು ಬಂದಳು. ‘ಹಂಗಲ್ಲ ಅಮ್ಮ’ ಅಂದು, ಸಿಂಕಿನ ಕೆಳಗಿನ ಶೆಲ್ಫಿನಿಂದ ಅಂಚು ನೆಗ್ಗಿದ ಸ್ಟೀಲ್ ಲೋಟ ತಂದು ಆ ಅಕ್ಕನ ಕೈಗೆ ಕೊಟ್ಟಳು. ‘ಇದು ನಿಂದು’ ಅಂದಳು. ಕೊಟ್ಟು ಮುಖ ನೋಡಿದಳು, ಬೀರುವಿನ ಬಾಗಿಲು ತೆರೆದ ಮಗು ನೋಡುತ್ತಲ್ಲ, ಹಾಗೆ.

ಆ ಲೋಟ ಬೇರೆ ಇಟ್ಟದ್ದು ಯಾರು ಅಂತ ಆಮೇಲೆ ನಾನೂ ಹೆಂಡತಿಯೂ ಜಗಳ ಆಡಿದೆವು. ಯಾರೂ ಇಟ್ಟಿರಲಿಲ್ಲ. ಒಂದು ದಿನ ಅದರಲ್ಲಿ ಕೊಟ್ಟದ್ದು, ಮಾರನೇ ದಿನವೂ ಅದರಲ್ಲೇ ಕೊಟ್ಟದ್ದು, ಅಷ್ಟೇ. ಅವ್ವ ಪಕ್ಕದಲ್ಲೇ ಇದ್ದಳು. ಹಳೇ ಕತೆ ಅವಳಿಗೂ ನೆನಪಾಗಿರಬೇಕು. ಈ ಸಲ ನಗಲಿಲ್ಲ, ಚುರುಕು ಅಂತಲೂ ಅನ್ನಲಿಲ್ಲ. ಮರುದಿನ ನೆಗ್ಗಿದ ಲೋಟವನ್ನ ಉಳಿದ ಲೋಟಗಳ ಜೊತೆಗೇ ಸ್ಟ್ಯಾಂಡಿಗೆ ಹಾಕಿ, ನಾನು ಅದರಲ್ಲಿ ಕಾಫಿ ಕುಡಿಯೋಕೆ ಶುರು ಮಾಡಿದೆ. ಮಗಳು ಎರಡು ದಿನ ‘ಹಂಗಲ್ಲ’ ಅಂತ ಕಿತ್ತುಕೊಂಡಳು. ಮೂರನೇ ದಿನ ಸುಮ್ಮನೆ ನೋಡಿದಳು. ಕೆಲಸದ ಅಕ್ಕ ಮಾತ್ರ ಇನ್ನೂ ಸ್ಟ್ಯಾಂಡಿನಲ್ಲಿ ಹುಡುಕಿ ಅದನ್ನೇ ತಗೊಳ್ತಾರೆ.